ಬೇಸಿಗೆಯನ್ನು ನೆಕ್ಕಿದ ಮಾಂತ್ರಿಕ

ಬಹಳ ಹಿಂದೆ. ಎಷ್ಟು ಹಿಂದೆ ಅಂದರೆ, ಹುಲಿಗೂ ಮಾತು ಬರುತ್ತಿದ್ದ ಕಾಲ. ಹೊಂಗೆನಾಡು ಅಂತ ಒಂದು ರಾಜ್ಯ ಇತ್ತು.

ಆ ರಾಜ್ಯದಲ್ಲಿ ಬೇಸಿಗೆ ತಾನಾಗಿ ಬರುತ್ತಿರಲಿಲ್ಲ. ಓದಿದರೆ ಬರುತ್ತಿತ್ತು. ಅರಮನೆಯಲ್ಲಿ ಒಂದು ತಾಳೆಗರಿಯ ಪುಸ್ತಕ ಇತ್ತು. ಚೈತ್ರದ ಮೊದಲ ದಿನ ಅರಮನೆಯ ಅಯ್ಯನವರು ಅದನ್ನು ರೇಷ್ಮೆ ಬಟ್ಟೆಯಲ್ಲಿ ಹಿಡಿದು, ಹೊಂಗೆಮರದ ಕೆಳಗೆ ಕೂತು ಓದುತ್ತಿದ್ದರು. ಹೊಂಗೆ ಎಂದು ಓದಿದರೆ ಮರ ಚಿಗುರುತ್ತಿತ್ತು. ಮಲ್ಲಿಗೆ ಎಂದರೆ ಮೊಗ್ಗು ಬಿಡುತ್ತಿತ್ತು. ಮಾವು ಎಂದರೆ ಮಿಡಿ ಕಚ್ಚುತ್ತಿತ್ತು. ಓದು ಮುಗಿದ ಮೇಲೆ ಎಲ್ಲರಿಗೂ ಪಾನಕ, ಕೋಸಂಬರಿ.

ಊರಾಚೆ ಗಾದ್ರಿ ಅಂತ ಒಬ್ಬ ಇದ್ದ. ಮರ ಹತ್ತಿ ಮಾವು, ತಾಳೆಮರದ ತಾಟಿನಿಂಗು ಇಳಿಸುವುದು ಅವನ ಕೆಲಸ. ಓದು ಬರದು. ಹೆಂಡತಿ ಬೊಮ್ಮಿಗೆ ಬರುತ್ತಿತ್ತು. ಅವಳ ತಾತ ಕಲಿಸಿದ್ದ. ಒಂದೊಂದು ಬುಟ್ಟಿಗೆ ಒಂದೊಂದು ತಾಳೆಗರಿ ಚೂರು ಕಟ್ಟಿ, ಒಳಗಿರುವುದರ ಹೆಸರನ್ನು ಜಾಲಿಮುಳ್ಳಿನಲ್ಲಿ ಗೀರುತ್ತಿದ್ದಳು. ಗೀರಿದ್ದು ಕಣ್ಣಿಗೆ ಕಾಣದು. ಮೇಲೆ ಎಣ್ಣೆಮಸಿ ತಿಕ್ಕಿ ಒರೆಸಿದರೆ, ಗೀರಿನಲ್ಲಿ ಮಾತ್ರ ಕಪ್ಪು ನಿಂತು ಅಕ್ಷರ ಏಳುತ್ತಿತ್ತು.

"ಇದೇನು ಹೇಳು ಮಾವ," ಎನ್ನುತ್ತಿದ್ದಳು.

"ಮಾವು."

"ಇದು?"

"ಅದೂ ಮಾವು."

"ಅದು ತಾಟಿನಿಂಗು! ನಿನ್ನ ತಲೆಯಲ್ಲಿ ಮಾವು ಬಿಟ್ಟು ಬೇರೇನೂ ಬೆಳೆಯೋದೇ ಇಲ್ಲ ನೋಡು."

ಆ ವರ್ಷ ಬೊಮ್ಮಿ ಬಸುರಿ. ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲದು. ಬೇಡಿದ್ದು ಒಂದೇ. ಒಂದು ಮಾವಿನ ಮಿಡಿ, ಉಪ್ಪುಖಾರ ಹಚ್ಚಿ.

ಚೈತ್ರ ಬಂತು. ಬೇಸಿಗೆ ಬರಲಿಲ್ಲ.

ಕಾವಳ ಎಂಬ ಮಾಂತ್ರಿಕ ಬೆಳಗಿನ ಮಂಜಿನಲ್ಲಿ ಅರಮನೆ ಹೊಕ್ಕು, ಪುಸ್ತಕದ ಕಪ್ಪನ್ನೆಲ್ಲ ನೆಕ್ಕಿಬಿಟ್ಟಿದ್ದ. ಬೇಸಿಗೆ ಅವನ ಹೊಟ್ಟೆ ಸೇರಿತು. ಬರಿಗರಿಗಳನ್ನೂ ಎತ್ತಿಕೊಂಡು ಹೋದ. ಹೊಂಗೆ ಬೋಳಾಗಿಯೇ ನಿಂತಿತು. ಮಂಜು ಕರಗಲಿಲ್ಲ. ರಾಜನ ಸೈನಿಕರು ಅವನನ್ನು ಹಿಡಿಯಲು ಹೋದರು. ದಾರಿಯ ಮೃಗಗಳು ಅಟ್ಟಿದವು ಅಂತ ಓಡಿ ಬಂದರು.

ತಿಂಗಳಾಯಿತು. ಬೊಮ್ಮಿ ಕಡ್ಡಿಯಾದಳು. ಸೂಲಗಿತ್ತಿ ಗಾದ್ರಿಯನ್ನು ಹೊರಗೆ ಕರೆದಳು.

"ಇವಳ ಬಾಯಿಗೆ ಏನಾದರೂ ರುಚಿಸಬೇಕು ಕಣಪ್ಪ. ಇಲ್ಲಾಂದ್ರೆ ಇಬ್ಬರೂ ಉಳಿಯಲ್ಲ."

ಗಾದ್ರಿ ಒಳಗೆ ಬಂದು ರುಮಾಲು ಸುತ್ತಿದ.

"ಎಲ್ಲಿಗೆ ಮಾವ?"

"ಮಿಡಿ ತರೋಕೆ."

"ಮಿಡಿ ತರೋಕೆ ಹೋಗೋನಿಗೆ ಯುದ್ಧಕ್ಕೆ ಹೋಗೋನ ಮುಖ ಯಾಕೆ? ಹೋಗು. ದಾರಿಯಲ್ಲಿ ಏನೇನು ನೋಡ್ತೀಯೋ ಎಲ್ಲಾ ನೆನಪಿಟ್ಕೊಂಡು ಬಾ. ನಾನು ಕೇಳ್ತೀನಿ."

ಅವನು ನಡೆದ. ಕಾಡು ಬಂತು. ಇಪ್ಪೆಮರದ ಕೆಳಗೆ ಮನೆಯಷ್ಟು ದೊಡ್ಡ ಕರಡಿ ಕೂತಿತ್ತು.

"ನಿಲ್ಲು," ಅಂತು ಕರಡಿ. "ಬೇಸಿಗೆ ಹೋದಾಗ ನನ್ನ ನಾಲಿಗೆ ಮರೆತುಹೋಯ್ತು. ಇಪ್ಪೆ ಹೂವಿನ ರುಚಿ ಹೇಗಿರುತ್ತೆ? ಹೇಳಿದರೆ ಬಿಡ್ತೀನಿ. ಇಲ್ಲಾಂದ್ರೆ ತಿಂತೀನಿ."

ಗಾದ್ರಿ ನಿಧಾನಕ್ಕೆ ಯೋಚಿಸಿದ. ಅವನಿಗೆ ಎಲ್ಲಾ ನಿಧಾನವೇ.

"ಬೆಲ್ಲದ ಪಾತ್ರೆ ತೊಳೆದ ನೀರಿನ ಹಾಗೆ ಸಿಹಿ. ಮೂರು ತಿಂದರೆ ಸಾಕು ಅನ್ನಿಸಲ್ಲ. ಮುನ್ನೂರು ತಿಂದರೆ ನಿನ್ನ ಕಾಲು ನಿನ್ನ ಮಾತು ಕೇಳಲ್ಲ."

ಕರಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಹೌದು! ಹಳ್ಳಕ್ಕೆ ಬಿದ್ದಿದ್ದೆ ನಾನು!" ಒಂದು ಹಿಡಿ ಇಪ್ಪೆಬೀಜ ಕೊಟ್ಟು ದಾರಿ ಬಿಟ್ಟಿತು. "ಹಿಂಡಿದರೆ ಎಣ್ಣೆ ಬರುತ್ತೆ. ಇಟ್ಕೋ."

ಮುಂದೆ ಹೊಳೆ. ಹೊಳೆಯ ದಡದಲ್ಲಿ ಹುಲಿ.

"ನನ್ನ ಮೂಗು ಮರೆತುಹೋಯ್ತು," ಅಂತು ಹುಲಿ. "ಬೇಸಿಗೆಯ ಮೊದಲ ಮಳೆ ಬಿದ್ದಾಗ ನೆಲದ ವಾಸನೆ ಹೇಗಿರುತ್ತೆ?"

"ಹೊಸ ಗಡಿಗೆಗೆ ಮೊದಲ ಸಲ ನೀರು ಹೊಯ್ದು ಮುಖ ಒಳಗಿಟ್ಟ ಹಾಗೆ," ಅಂದ ಗಾದ್ರಿ. "ನನ್ನ ಹೆಂಡತಿ ಹಾಗೆ ಇಟ್ಟು ಕೂರ್ತಾಳೆ. ನೀರು ಸೇದೋದೇ ಮರೀತಾಳೆ."

ಹುಲಿ ಕಣ್ಣು ಮುಚ್ಚಿ ಉಸಿರೆಳೆದುಕೊಂಡಿತು. ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿತು.

ಮೂರನೆಯದು ಕಾವಳನ ಕೋಟೆಯ ಬಾಗಿಲು. ಬಾಗಿಲ ಮೇಲೆ ಎಮ್ಮೆಗಾತ್ರದ ಕೋಗಿಲೆ. ಕಣ್ಣು ಕೆಂಡ.

"ನಾನು ಬೇಸಿಗೆಯೆಲ್ಲಾ ಕೂಗ್ತಿದ್ದೆ. ಯಾರನ್ನ ಕರೀತಿದ್ದೆ?"

ಗಾದ್ರಿ ಯೋಚಿಸಿದ. ಬಹಳ ಹೊತ್ತು ಯೋಚಿಸಿದ.

"ನನಗೆ ಗೊತ್ತಿಲ್ಲ," ಅಂದ. "ನೀನು ಕೂಗಿದರೆ ಬೊಮ್ಮಿ ಅಂಗಳದಿಂದ ಕೂ ಅಂತಿದ್ದಳು. ನೀನು ಇನ್ನೂ ಜೋರಾಗಿ ಕೂಗ್ತಿದ್ದೆ. ಅವಳೂ ಬಿಡ್ತಿರಲಿಲ್ಲ. ಅವಳಿಗೆ ಗೊತ್ತಿರಬಹುದು. ಕೇಳಿ ಬಂದು ಹೇಳ್ತೀನಿ."

"ಸುಳ್ಳು ಹೇಳಿ ಒಳಗೆ ಹೋಗಬಹುದಿತ್ತಲ್ಲ?"

"ಸುಳ್ಳು ಹೇಳಿದರೆ ನಿನಗೆ ಉತ್ತರ ಸಿಕ್ಕ ಹಾಗಾಗಲ್ಲವಲ್ಲ."

ಕೋಗಿಲೆ ತಲೆ ಓರೆ ಮಾಡಿ ನೋಡಿತು. ಪಕ್ಕಕ್ಕೆ ಸರಿಯಿತು.

ಒಳಗೆ ಕಾವಳ ಕೂತಿದ್ದ. ಹೊಟ್ಟೆ ಗುಡಾಣದಷ್ಟು. ನಾಲಿಗೆ ಮಸಿಕಪ್ಪು. ಆಕಳಿಸಿದರೆ ಬಾಯಿಂದ ಮಲ್ಲಿಗೆ ಪರಿಮಳ ಬರುತ್ತಿತ್ತು.

"ಏನು ಬೇಕು?"

"ಒಂದು ಮಾವಿನ ಮಿಡಿ. ಹೆಂಡತಿ ಬಸುರಿ. ಉಳಿಯಲ್ಲ ಅಂತಾರೆ."

"ನನ್ನ ಹೊಟ್ಟೆಯಲ್ಲಿರೋದು ನನಗೇ ಸಾಲದು," ಅಂದ ಕಾವಳ. "ಬಂದಿದ್ದೀಯ, ಒಲೆ ಹಚ್ಚು. ನನಗೆ ಹಸಿವು. ಗಾಳಿ ಬೀಸೋಕೆ ಅಲ್ಲಿ ಗರಿ ಬಿದ್ದಿವೆ, ತಗೋ."

ಒಲೆಯ ಪಕ್ಕ ಪುಸ್ತಕದ ಗರಿಗಳು ಬಿದ್ದಿದ್ದವು. ಬಿಳಿಚಿಕೊಂಡಿದ್ದವು. ಒಂದು ಅಕ್ಷರ ಇಲ್ಲ. ಗಾದ್ರಿ ಒಂದು ಗರಿ ಹಿಡಿದು ಬೀಸಿದ. ಹೆಬ್ಬೆರಳಿಗೆ ಏನೋ ತರಿತರಿ ತಗುಲಿತು.

ಬೀಸುವುದು ನಿಲ್ಲಿಸಿದ. ಇನ್ನೊಂದು ಸಲ ಬೆರಳಾಡಿಸಿದ. ಬೊಮ್ಮಿಯ ಮುಳ್ಳಿನ ಗೀರು ಹೀಗೇ ತಗುಲುತ್ತಿತ್ತು. ಕಾವಳ ನೆಕ್ಕಿದ್ದು ಮಸಿಯನ್ನು. ಬರೆದದ್ದು ಗರಿಯಲ್ಲೇ ಇತ್ತು.

ಗಾದ್ರಿ ಇಪ್ಪೆಬೀಜ ಜಜ್ಜಿದ. ಎಣ್ಣೆಯನ್ನು ಮಡಕೆಯ ತಳದ ಮಸಿಗೆ ಕಲೆಸಿ ಗರಿಗೆ ತಿಕ್ಕಿದ. ರುಮಾಲಿನ ತುದಿಯಲ್ಲಿ ಒರೆಸಿದ. ಅಕ್ಷರ ಎದ್ದವು, ಸಾಲುಸಾಲಾಗಿ.

ಓದಲು ಬರಬೇಕಲ್ಲ! ಒಂದು ಗರಿ ನೋಡಿದ. ತಿಳಿಯಲಿಲ್ಲ. ಇನ್ನೊಂದು ತಿಕ್ಕಿದ. ತಿಳಿಯಲಿಲ್ಲ. ಮೂರನೆಯ ಗರಿಯ ನಡುವೆ ಒಂದು ಮಾತು, ಬುಟ್ಟಿಯ ಮೇಲೆ ಸಾವಿರ ಸಲ ನೋಡಿದ ಮಾತು.

"ಮಾವು," ಎಂದು ಓದಿದ.

ಕಾವಳ ಕೆಮ್ಮಿದ. ಅವನ ಬಾಯಿಂದ ಒಂದು ಮಿಡಿ ಟಪ್ಪೆಂದು ಬಿತ್ತು. ತೊಟ್ಟಿನಲ್ಲಿ ಸೊನೆ ಇನ್ನೂ ಹಸಿ.

ಗಾದ್ರಿ ಮಿಡಿಯನ್ನೂ ಗರಿಗಳನ್ನೂ ರುಮಾಲಿನಲ್ಲಿ ಕಟ್ಟಿಕೊಂಡು ಓಡಿದ. ಬದುಕಿನಲ್ಲಿ ಅದೊಂದೇ ಸಲ ಅವನು ಬೇಗ ಹೋದದ್ದು.

"ಹಿಡೀರಿ!" ಅಂತ ಕಾವಳ ಹಿಂದೆ ಬಂದ. ಕೋಗಿಲೆ ಅವನ ಮುಖದ ಮೇಲೆ ರೆಕ್ಕೆ ಬಡಿಯಿತು. ಹುಲಿ ಗಾದ್ರಿಯನ್ನು ದಾಟಿಸಿ, ಕಾವಳನನ್ನು ಹೊಳೆಯಲ್ಲಿ ಮುಳುಗಿಸಿತು. ಒದ್ದೆಯಾಗಿ ಎದ್ದವನಿಗೆ ಕರಡಿ ಅಡ್ಡ ಕೂತು, "ಮೊದಲು ಇಪ್ಪೆ ಹೂವಿನ ರುಚಿ ಹೇಳು," ಅಂತು. ಹೂವನ್ನು ನುಂಗಿದ್ದನೇ ಹೊರತು ರುಚಿ ನೋಡಿರಲಿಲ್ಲ. ಹೇಳಲಾಗದೆ ಅಲ್ಲೇ ನಿಂತ.

ಗಾದ್ರಿ ಮನೆ ಸೇರಿದ. ಮಿಡಿಯನ್ನು ನಾಲ್ಕು ಸೀಳು ಮಾಡಿ, ಉಪ್ಪುಖಾರ ಹಚ್ಚಿ ಕೊಟ್ಟ. ಬೊಮ್ಮಿ ಕಚ್ಚಿದಳು. ಹುಳಿಗೆ ಒಂದು ಕಣ್ಣು ಮುಚ್ಚಿದಳು. ನುಂಗಿದಳು. ಸೂಲಗಿತ್ತಿ ಕಾದಳು. ಗಾದ್ರಿ ಕಾದ. ತಿಂದದ್ದು ಹೊಟ್ಟೆಯಲ್ಲೇ ನಿಂತಿತು.

"ಖಾರ ಕಡಿಮೆ," ಅಂದಳು ಬೊಮ್ಮಿ.

ಸೂಲಗಿತ್ತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಸುದ್ದಿ ಕೇಳಿ ರಾಜ ಓಡೋಡಿ ಬಂದ. ಅಯ್ಯನವರೂ ಬಂದರು. ಮಸಿ ಮೆತ್ತಿದ ಗರಿ ನೋಡಿ ಹಿಂದೆ ಸರಿದರು.

"ಇದನ್ನ ಬರಿಗೈಯಲ್ಲಿ ಮುಟ್ಟಿದ್ದೀರ! ನಾನು ಓದಲ್ಲ."

"ಬೇಡ ಬಿಡಿ ಅಯ್ಯನವರೇ, ನೀವು ಪಾನಕ ಕಲೆಸಿ," ಅಂದಳು ಬೊಮ್ಮಿ. ಹೊಂಗೆಮರದ ಬೊಡ್ಡೆಗೆ ಒರಗಿ ಕೂತಳು. ಗಾದ್ರಿ ಒಂದೊಂದೇ ಗರಿ ತಿಕ್ಕಿ ಕೊಟ್ಟ. ಅವಳು ಒಂದೊಂದೇ ಓದಿದಳು. ಹೊಂಗೆ ಚಿಗುರಿತು, ಎಳೆಹಸಿರು, ಬಿಸಿಲು ಸೋಸಿ ಬರುವಷ್ಟು ಎಳೆಯದು. ಮಂಜು ಕರಗಿತು. ಮಲ್ಲಿಗೆ ಮೊಗ್ಗಾಯಿತು. ಕರಬೂಜದ ಬಳ್ಳಿ ಹಬ್ಬಿತು. ಒಂದೊಂದು ಮಾತಿಗೂ ಅತ್ತ ಕಾಡಿನಲ್ಲಿ ಕಾವಳನ ಹೊಟ್ಟೆ ಇಳಿಯಿತು. ಕೊನೆಯ ಗರಿ ಓದಿದಾಗ ಅವನು ಒಬ್ಬ ಬಡಕಲು ಮುದುಕ, ಮಂತ್ರ ಒಂದೂ ನೆನಪಿಲ್ಲ. ಕರಡಿ ದಾರಿ ಬಿಟ್ಟ ಮೇಲೆ ಊರಿಗೆ ಬಂದು, ಪಾನಕದ ಸಾಲಿನ ಕೊನೆಯಲ್ಲಿ ದೊನ್ನೆ ಹಿಡಿದು ನಿಂತ. ಬೊಮ್ಮಿ ಹಾಕಿಸಿದಳು.

"ಇನ್ನು ದಾರಿಯದ್ದೆಲ್ಲಾ ಹೇಳು ಮಾವ," ಅಂದಳು. ಅವನು ಹೇಳಿದ. "ಆಮೇಲೆ?" ಅಂದಳು. ಅವನು ಹೇಳಿದ. "ಆಮೇಲೆ?"

ಕೋಗಿಲೆ ಬಂದು ಹೊಂಗೆಕೊಂಬೆಯ ಮೇಲೆ ಕೂತಿತು. ಈಗ ಕೋಗಿಲೆಯಷ್ಟೇ ಇತ್ತು.

"ನನ್ನ ಪ್ರಶ್ನೆ," ಅಂತು.

ಗಾದ್ರಿ ಕೇಳಿದ. "ಇದು ಯಾರನ್ನ ಕರೆಯುತ್ತೆ ಬೊಮ್ಮಿ?"

"ಇಷ್ಟೇನಾ? ಯಾರು ಓಗೊಡ್ತಾರೋ ಅವರನ್ನ."

ಬೊಮ್ಮಿಗೆ ಹೆಣ್ಣುಮಗು ಆಯಿತು. ಹೊಂಗೆನಾಡಿನವರು ಬೇಕಾದಷ್ಟು ಬೇಸಿಗೆ ಉಂಡು, ಓದಿ, ಸುಖವಾಗಿ ಇದ್ದರು. ಅಲ್ಲಿ ಇವತ್ತಿಗೂ ಚೈತ್ರದಲ್ಲಿ ಕೋಗಿಲೆ ಕೂಗಿದರೆ, ಮನೆಯಲ್ಲಿ ಎಷ್ಟೇ ಕೆಲಸ ಇರಲಿ, ಒಬ್ಬರಾದರೂ ಅಂಗಳಕ್ಕೆ ಬಂದು ಕೂ ಅನ್ನುತ್ತಾರೆ. ಒಬ್ಬರೇ ಇರುವ ಮನೆಯಲ್ಲಿ, ಆ ಒಬ್ಬರು ಅನ್ನುತ್ತಾರೆ.