ಎರಡು ನಿಮಿಷ ಬಾಯಿ ಮುಚ್ಚಿದ ಯಂತ್ರ

"ಉಸಿರಿಲ್ಲ! ಇವನಿಗೆ ಉಸಿರಿಲ್ಲ!"

ಕಿರುಚಿದವಳು ನರ್ಸ್ ಬುರುಲ್. ಮಂಚದ ಮೇಲೆ ಕುಬಾನ್‌ನ ತುಟಿ ನೀಲಿಯಾಗಿತ್ತು. ಅಯ್ಯೋ, ಈಗತಾನೆ ಅವನ ತಾತ ಬಾಗಿಲಲ್ಲಿ ನಿಂತು ಹರಸಿದ್ದರು, ನಾವೆಲ್ಲ ನಮ್ಮ ಪದ್ಧತಿಯಂತೆ ಕೈಯೆತ್ತಿ ಅಂಗೈಯಿಂದ ಮುಖ ಸವರಿಕೊಂಡಿದ್ದೆವು!

ಕುಬಾನ್ ಕೋಕ್‌ಬೊರು ಎಂಬ ಸವಾರರ ಆಟದಲ್ಲಿ ಕುದುರೆಯಿಂದ ಬಿದ್ದು ಭುಜ ಜಾರಿಸಿಕೊಂಡಿದ್ದ. ನಾನು ಮಂಪರಿನ ಮದ್ದು ಕೊಟ್ಟೆ. ಡಾಕ್ಟರ್ ತೊಲೊಗೊನ್ ಭುಜ ಕೂರಿಸಿದ. ಅವನೂ ಬುರುಲ್‌ಳೂ ಪ್ಲಾಸ್ಟರ್ ಸುತ್ತಿದರು. ಉಸಿರು ಕಾಯುವ ಯಂತ್ರ ಮಾತ್ರ ಕೂಗಲೇ ಇಲ್ಲ.

ಗಾಳಿಚೀಲ ಒತ್ತಿ ಒತ್ತಿ ಹೇಗೋ ಉಳಿಸಿಕೊಂಡೆವು. ಯಂತ್ರದ ದಾಖಲೆ ನೋಡಿದರೆ, 11:42ಕ್ಕೆ ಯಾರೋ ಎರಡು ನಿಮಿಷ ಸದ್ದಡಗಿಸುವ ಗುಂಡಿ ಒತ್ತಿದ್ದರು! "ಅದು ನರ್ಸ್ ಕೆಲಸ ತಾನೇ?" ಎಂದು ದೊಡ್ಡ ಡಾಕ್ಟರು ಬುರುಲ್‌ಳನ್ನು ಕೆಲಸದಿಂದ ತೆಗೆಯಲು ಹೊರಟರು.

ಅರಿವಳಿಕೆಯ ಹಿರಿಯ ಡಾಕ್ಟರ್ ಸಾಬಿರಾ ಅಕ್ಕ ಒಪ್ಪಲಿಲ್ಲ. ಕೋಣೆಯನ್ನು ಒರೆಸಲೂ ಬಿಡದೆ ನಮ್ಮನ್ನು ಅಲ್ಲೇ ನಿಲ್ಲಿಸಿಕೊಂಡರು.

"ಅಳಬೇಡ್ವೇ ಬುರುಲ್. ಗುಂಡಿ ಒತ್ತಿದ್ಯಾ?"

"ಇಲ್ಲಕ್ಕಾ! ಪ್ಲಾಸ್ಟರ್ ಸುತ್ತುತ್ತಾ ಇದ್ದೆ. ತಾತ ಕೈ ಎತ್ತಿದ್ರು, ನಾವೂ ಎತ್ತಿದ್ವಿ."

"ನೀನೇನಯ್ಯಾ, ತೊಲೊಗೊನ್?"

"ನಾನು ಮೊಣಕೈವರೆಗೂ ಸುಣ್ಣ ಬಳಿಯೋನ ಥರ ಇದ್ದೆ! ಆದ್ರೆ ಬೆರಳಿನ ಆಕ್ಸಿಜನ್ ಮಾಪಕದಲ್ಲಿ ಆಗಿನ್ನೂ ತೊಂಬತ್ತೆಂಟು ಇತ್ತಲ್ಲಕ್ಕಾ?"

"ಆಕ್ಸಿಜನ್ ಕೊಡ್ತಾ ಇದ್ರೆ ಆ ಅಂಕಿ ನಿಧಾನಕ್ಕೆ ಇಳಿಯುತ್ತೆ ಕಣೋ. ಅದನ್ನ ನಂಬಿ ಕೂತ್ರೆ ಕೆಟ್ಟೆ. ನೋವಿರೋತನಕ ಅವನು ಉಸಿರಾಡಿದ. ಭುಜ ಕೂತು ನೋವು ಹೋಯ್ತು—ಮದ್ದು ಉಸಿರನ್ನೇ ಅಡಗಿಸ್ತು. ಸರಿಯಾಗಿ ಆಗ್ಲೇ ನೀವೆಲ್ಲ ತಾತನ ಕಡೆ ತಿರುಗಿದ್ರಿ."

"ತಾತನೇ ಒತ್ತಿರಬಹುದಾ?" ನಾನು ಕೇಳಿದೆ.

"ಬಾಗಿಲಿಂದ ಕೈ ಎಟಕುತ್ತೇನೇ? ಗುಂಡಿ ನೋಡು, ಚಿನಾರಾ. ಏನಿದೆ?"

"ಏನೂ ಇಲ್ಲ."

"ಅದೇ ಮತ್ತೆ! ಮಂಚ, ಗಾಳಿಚೀಲ, ಇವರಿಬ್ಬರ ಮುಖ—ಎಲ್ಲ ಕಡೆ ಹಸಿ ಪ್ಲಾಸ್ಟರಿನ ಬೆರಳಚ್ಚು. ಗುಂಡಿ ಮಾತ್ರ ಸ್ವಚ್ಛ! ಹಿರಿಯರು ಹರಸುವಾಗ ಯಂತ್ರ ಕಿರುಚಬಾರದು ಅಂತ ಯಾರೋ ಒತ್ತಿದ್ದಾರೆ. ಯಂತ್ರದ ಪಕ್ಕ ಬರಿಗೈಲಿ ನಿಂತಿದ್ದೋರು ಯಾರು?"

ಯಂತ್ರದ ಪಕ್ಕ ನಿಂತು ಕುಬಾನ್‌ನ ಉಸಿರು ಕಾಯಬೇಕಾದವಳು ನಾನು! ಮನೆಯಲ್ಲಿ ಅಪ್ಪ ಹರಸಲು ಕೈಯೆತ್ತಿದರೆ ಟೀವಿ ಸದ್ದು ಅಡಗಿಸಿಯೇ ಬೆಳೆದವಳು. ಕೈ ತನ್ನಷ್ಟಕ್ಕೇ ಹೋಗಿತ್ತು. ಒತ್ತಿದ ನೆನಪೂ ಇರಲಿಲ್ಲ.

"ನಾನೇ ಅಕ್ಕಾ..."

"ನನಗ್ಯಾಕೆ ಹೇಳ್ತೀಯಾ?"

ನೆಟ್ಟಗೆ ದೊಡ್ಡ ಡಾಕ್ಟರ ಕೋಣೆಗೆ ಹೋದೆ.

"ಸರ್, ಬುರುಲ್ ಅವನನ್ನ ಉಳಿಸಿದೋಳು. ಗುಂಡಿ ಒತ್ತಿ ಕೊಂದೇಬಿಡ್ತಿದ್ದೋಳು ನಾನು."