ಗಾಳಿ ಎಲ್ಲಿಂದ, ನೀವು ಎಲ್ಲಿಗೆ?

“ಇದು ನೀವು ಅಳೆದ ಗಾಳಿನಾ, ಇಲ್ಲಾ ಕನಸಲ್ಲಿ ಕಂಡಿದ್ದಾ?”

ಅವಳು ನಕ್ಷೆಯನ್ನು ಅವನ ಮುಂದೆ ಬಡಿದಳು. ಚಹಾದ ಲೋಟ ನಡುಗಿತು. ಗುಡ್ಡದಿಂದ ಈಗಷ್ಟೇ ಇಳಿದು ಬಂದಿದ್ದವನು ಇನ್ನೂ ಒಂದು ಗುಟುಕೂ ಕುಡಿದಿರಲಿಲ್ಲ, ಪಾಪ!

ಗಾಳಿಯಂತ್ರಗಳನ್ನು ಎಲ್ಲೆಲ್ಲಿ ನಿಲ್ಲಿಸಬೇಕೆಂದು ಲೆಕ್ಕ ಹಾಕುವುದು ಅವಳ ಕೆಲಸ. ಆಫೀಸಿನವರು ಅವಳಿಗಿಟ್ಟ ಹೆಸರು ಗಾಳಿಗೋಪುರ. ಗುಡ್ಡದ ಮೇಲಿನ ಕಂಬದಲ್ಲಿ ಗಾಳಿ ಅಳೆದು ಕಳಿಸುವ ಇವನು ಕಂಬರಾಯ. ಸಂಜೆಯೊಳಗೆ ನಕ್ಷೆ ಸಾಹೇಬರ ಕೈಸೇರಬೇಕು. ಎಷ್ಟು ಸಲ ಲೆಕ್ಕ ಹಾಕಿದರೂ ಕಂಪ್ಯೂಟರಿನದು ಒಂದೇ ಹಟ: ಯಂತ್ರಗಳೆಲ್ಲ ಗುಡ್ಡದ ಹಿಂಬದಿಗೆ, ಗಾಳಿಯೇ ಸುಳಿಯದ ಕಡೆಗೆ!

ತಲೆ ಕೆಡಲು ಅದೊಂದೇ ಸಾಕಿತ್ತು. ಅದರ ಮೇಲೆ ಊಟದ ಹೊತ್ತಿಗೆ ಇನ್ನೊಂದು ಸುದ್ದಿ... ‘ಕಂಬರಾಯ ಗುಡ್ಡದಿಂದ ಟ್ರಾನ್ಸ್‌ಫರ್ ಕೇಳಿದ್ದಾನಂತೆ.’

ನನಗೊಂದು ಮಾತು ಹೇಳಲಿಲ್ಲವಲ್ಲ... ದಿನಾ ಫೋನಿನಲ್ಲಿ ಅಷ್ಟು ಹೊತ್ತು ಮಾತಾಡಿದ್ದು ಬರೀ ಗಾಳಿಯ ಬಗ್ಗೆಯೇ?

ಗಾಳಿಯ ಲೆಕ್ಕ ಬಲ್ಲವಳು ಗಾಳಿಮಾತನ್ನು ನಂಬಿ ಕೂತಿದ್ದಳು.

ಅವನು ನಕ್ಷೆ ನೋಡಿ ನಾಲಿಗೆ ಕಚ್ಚಿಕೊಂಡ. “ಅಯ್ಯೋ, ಗಾಳಿ ದಿಕ್ಕಿನ ಬಾಣ ತಿರುಗಿಬಿಟ್ಟಿದೆ! ಗಾಳಿ ಎಲ್ಲಿಂದ ಬರತ್ತೆ ಅಂತ ಬರೀಬೇಕಿತ್ತು. ಎಲ್ಲಿಗೆ ಹೋಗತ್ತೆ ಅಂತ ಬರೆದಿದೀನಿ. ತಪ್ಪು ನಂದೇ.”

“ಆಗದೆ ಇರತ್ತಾ? ಹೋಗೋದ್ರ ಮೇಲೇ ಅಲ್ವಾ ನಿಮ್ಮ ಧ್ಯಾನ! ಗುಡ್ಡ ಬಿಟ್ಟು ಹೋಗ್ತೀರಂತೆ... ಹೋಗಿ! ನಂಗೇನು?”

ಕೊನೆಯ ಮಾತಿಗೆ ಕಣ್ಣು ತುಂಬಿತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

“ಎಲ್ಲಿಂದ ಅಂತ ಕೇಳಿಸ್ಕೊಂಡ್ರಿ,” ಅವನು ಮೆಲ್ಲಗೆ ಹೇಳಿದ. “ಎಲ್ಲಿಗೆ ಅಂತ ಕೇಳಿದ್ರಾ?”

ಅವಳು ತಲೆಯೆತ್ತಿ ಅವನನ್ನು ನೋಡಿದಳು.

“ಈ ಆಫೀಸಿಗೆ. ನಿಮ್ಮ ಪಕ್ಕ ಖಾಲಿ ಇದೆಯಲ್ಲ, ಆ ಮೇಜಿಗೆ.”

“ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?”

“ನೀವಂದ್ರೆ ನಂಗಿಷ್ಟ ಅಂತ ಫೋನಲ್ಲಿ ಹೇಳೋಕಾಗತ್ತಾ? ಎದುರಿಗೇ ಹೇಳೋಣ ಅಂತ ಬಂದೆ. ನೀವು ಚಹಾ ಕುಡಿಯೋಕೂ ಬಿಡಲಿಲ್ಲ!”

ಅವಳು ಮುಖ ತಿರುಗಿಸಿ, ಕಂಪ್ಯೂಟರಿನಲ್ಲಿ ಬಾಣವನ್ನು ಸರಿಪಡಿಸಿ ಮತ್ತೆ ಲೆಕ್ಕಕ್ಕೆ ಹಚ್ಚಿದಳು. ಪರದೆಯಲ್ಲಿ ಯಂತ್ರಗಳು ಒಂದೊಂದಾಗಿ ಗುಡ್ಡದ ಹಿಂಬದಿ ಬಿಟ್ಟು ನೆತ್ತಿಗೆ ಬಂದು ನಿಂತವು, ಒಂದರ ಗಾಳಿಗೆ ಇನ್ನೊಂದು ಅಡ್ಡ ಬಾರದಷ್ಟು ದೂರದಲ್ಲಿ.

“ತೀರಾ ಹತ್ತಿರ ಇದ್ರೆ ಒಬ್ಬರಿಗೊಬ್ಬರು ಅಡ್ಡ ಆಗ್ತಾರೆ. ಗೊತ್ತಲ್ವಾ?” ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು.

“ಅದು ಯಂತ್ರಗಳಿಗೆ ಕಣ್ರೀ.”

ಅವಳಿಗೆ ನಗು ತಡೆಯಲಾಗಲಿಲ್ಲ. ಪಕ್ಕದ ಮೇಜಿನ ಕುರ್ಚಿಯನ್ನು ಎಳೆದಳು.

“ಹಾಗಾದ್ರೆ ಬಾ.”

‘ಬನ್ನಿ’ ಅನ್ನುವುದು ಅವಳಿಗೆ ಮರೆತೇಹೋಗಿತ್ತು.

“ಬಂದೆ,” ಅಂದ ಅವನು.