ತೈಲಗಾಮಿಗಳು ನಿಂತ ಜಾಗ

ಎಂಟನೆಯ ನಿಮಿಷಕ್ಕೆ ತೈಲಗಾಮಿಗಳು ಮೂರನೆಯ ಬೇರಿಂಗಿನ ಬಳಿ ಬಂದು ನಿಂತವು. ಡಾಕ್ಟರ್ ಪ್ರಮೀಳಾ ಮುಳಗುಂದ ಅವರ ಮಡಿಲಲ್ಲಿದ್ದ ತೆರೆಯ ಮೇಲೆ ಎಂಜಿನ್ನಿನ ಒಳಗಿನ ದಾರಿಗಳೆಲ್ಲ ನೀಲಿಯಾಗಿ ಹರಿದು, ಅದೊಂದು ಕಡೆ ಮಾತ್ರ ಕೆಂಪಾಗಿ ಮಡುಗಟ್ಟಿದವು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಹದಿನಾರು ವರ್ಷಗಳಿಂದ ನೋಡುತ್ತ ಬಂದ ಚಿತ್ರ ಅದು. ಧಾರವಾಡದಿಂದ ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದರಿಂದ ಮೊಣಕಾಲು ಹಿಡಿದುಕೊಂಡಿತ್ತು. ಮಿಸ್ತ್ರಿ ಖಾಜಾಸಾಬರ ಗ್ಯಾರೇಜಿನಲ್ಲಿ ಕೂರಲು ಸಿಕ್ಕಿದ್ದು ಮಗುಚಿ ಹಾಕಿದ ಒಂದು ಹಳೆಯ ಪೆಟ್ಟಿಗೆ.

ತೈಲಗಾಮಿಗಳನ್ನು ರೂಪಿಸಿದವರು ಅವರೇ. ಒಂದು ಸಾಸಿವೆ ಕಾಳನ್ನು ಲಕ್ಷ ಹೋಳು ಮಾಡಿದರೆ ಎಷ್ಟೋ ಅಷ್ಟು ಸಣ್ಣ ಕಣಗಳು. ಒಂದು ಚಮಚದಷ್ಟನ್ನು ಎಂಜಿನ್ ಆಯಿಲಿಗೆ ಬೆರೆಸಿದರೆ ಸಾಕು, ಆಯಿಲಿನ ಜೊತೆಗೇ ಸುತ್ತುತ್ತ, ಹೋದಲ್ಲೆಲ್ಲ ಒತ್ತಡವನ್ನು ಅಳೆದು ಹೊರಗೆ ತಿಳಿಸುತ್ತವೆ. ಒತ್ತಡ ಕಡಿಮೆಯೆಂದು ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿದಾಗ ಹಿಂದೆ ಮಿಸ್ತ್ರಿಗಳು ಊಹೆಯ ಮೇಲೆ ನಡೆಯುತ್ತಿದ್ದರು: ಆಯಿಲೇ ಕಡಿಮೆಯಾಯಿತೋ, ಪಂಪು ಸವೆಯಿತೋ, ಆಯಿಲ್ ಸೋಸುವ ಜಾಲರಿ ಕಟ್ಟಿಕೊಂಡಿತೋ, ಅಥವಾ ದೀಪಕ್ಕೆ ಸುದ್ದಿ ಕೊಡುವ ಸೆನ್ಸರೇ ಕೆಟ್ಟಿತೋ. ಈಗ ಊಹೆಯ ಕಾಲ ಹೋಗಿತ್ತು. ಹೊಸ ಪೆಟ್ರೋಲ್, ಡೀಸೆಲ್ ಕಾರುಗಳ ತಯಾರಿಕೆ ನಿಂತ ಮೇಲೆ, ಉಳಿದ ಹಳೆಯ ಗಾಡಿಗಳಿಗೆಲ್ಲ ಈ ತಪಾಸಣೆ ಕಡ್ಡಾಯವಾಯಿತು. ಕೊನೆಯಲ್ಲಿ ಕಣಗಳನ್ನು ಅಯಸ್ಕಾಂತದ ನಳಿಕೆಯಿಂದ ಹೊರಗೆಳೆದು ಪ್ರಮಾಣಪತ್ರ ಕೊಡುವುದು ಪದ್ಧತಿ. ಪ್ರಮಾಣಪತ್ರ ಪಡೆದ ಗಾಡಿಯ ದೀಪ ವಾರದೊಳಗೆ ಮತ್ತೆ ಹೊತ್ತಿಕೊಂಡರೆ, ಮಾಲೀಕ ಏನೋ ಕೈವಾಡ ಮಾಡಿದ್ದಾನೆಂದು ಇಲಾಖೆ ತೀರ್ಮಾನಿಸುತ್ತಿತ್ತು. ಮೂರು ಸಲ ಹಾಗಾದರೆ ಗಾಡಿ ಗುಜರಿಗೆ.

ಯಮನೂರಪ್ಪನ ಗಾಡಿಯ ದೀಪ ಈಗಾಗಲೇ ಎರಡು ಸಲ ಹಾಗೆ ಹೊತ್ತಿತ್ತು; ಇದು ಮೂರನೆಯ ತಪಾಸಣೆ. ಆರು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರ್ ಓಡಿದ ಕಾರು. ದಿನಾ ಬೆಳಗ್ಗೆ ಆರು ಜನ ಶಿಕ್ಷಕಿಯರನ್ನು ನವಲಗುಂದದ ಆಚೆಯ ಎರೆಮಣ್ಣಿನ ಹಳ್ಳಿಗಳಿಗೆ ಬಿಟ್ಟು, ಸಂಜೆ ಕರೆತರುತ್ತಿದ್ದ. ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಆ ಹಳ್ಳಿಗಳಿಗೆ ಬೇರೆ ಗಾಡಿ ಹೋಗುತ್ತಿರಲಿಲ್ಲ.

“ದಪ್ಪ ಆಯಿಲ್ ಹಾಕಿ ತಪಾಸಣಿಗೆ ತಂದು, ಆಮ್ಯಾಲೆ ಬದಲ ಮಾಡಿದಿ ಏನು?” ಪಕ್ಕದಲ್ಲಿ ನಿಂತಿದ್ದ ಅವನನ್ನು ಪ್ರಮೀಳಾ ಕೇಳಿದರು. ಕೇಳಲೇಬೇಕಾದ ಪ್ರಶ್ನೆ.

“ಹಂಗ ಮಾಡಿದ್ರ ನನ್ನ ಕೈ ಸೇದಿ ಹೋಗ್ಲಿರಿ!”

“ಅಂವಗ ಅಷ್ಟು ಶಾಣ್ಯಾತನ ಇದ್ದಿದ್ರ ಈ ಗಾಡಿ ಯಾಕ ಇಟ್ಕೊಂಡು ಕುಂದರತಿದ್ದ ಅಕ್ಕಾರ?” ಎಂದರು ಖಾಜಾಸಾಬ. ಅವರ ಬಿಳಿ ಗಡ್ಡದ ತುದಿಗೆ ಆಯಿಲ್ ಮೆತ್ತಿತ್ತು. “ಒಂದು ತಪ್ಪು ನಂದೈತಿ. ಹ್ವಾದ ಸಲ ಆಯಿಲ್ ಚೇಂಬರ್ ಕೂಡಿಸುವಾಗ ಸೋರಬಾರದು ಅಂತ ಪೇಸ್ಟ್ ಜಾಸ್ತಿ ಹಚ್ಚಿದೆ. ಒಳಗ ಚಕ್ಕಿ ಚಕ್ಕಿ ಉದುರಿ ಜಾಲರಿಗೆ ಕುಂತಿತ್ತು. ನಿನ್ನೆ ಬಿಚ್ಚಿ ತೊಳದೇನಿ. ಆದ್ರೂ ದೀಪ ಹೋಗ್ಲಿಲ್ಲ. ನನ್ನ ತಪ್ಪು ನಾ ಹೇಳಿದ್ನಿ. ಉಳದದ್ದು ನಿಮ್ಮದು.”

ಪ್ರಮೀಳಾ ತೆರೆಯತ್ತ ತಿರುಗಿದರು. ಮೊದಲು ಆರು ಪೌಂಡು ಇದ್ದ ಒತ್ತಡ ಈಗ ಒಂಬತ್ತಾಗಿತ್ತು. ಇಪ್ಪತ್ತನೆಯ ನಿಮಿಷಕ್ಕೆ ಹದಿನಾಲ್ಕು. ಹತ್ತು ದಾಟಿದರೆ ಉತ್ತೀರ್ಣ. ಹಳೆಯ ಎಂಜಿನ್ನುಗಳಲ್ಲಿ ಅಂಕಿ ಹೀಗೆ ಮೆಲ್ಲಗೆ ಏರುವುದು ಮೊದಲಿನಿಂದಲೂ ಇತ್ತು. “ಅಳೆಯುವ ಯಂತ್ರ ಹದಕ್ಕೆ ಬರಲು ತೆಗೆದುಕೊಳ್ಳುವ ಸಮಯ” ಎಂದು ಅವರೇ ಒಂದು ಮಧ್ಯಾಹ್ನ ತೀರ್ಮಾನಿಸಿ, ಕೊನೆಯ ಅಂಕಿಯನ್ನಷ್ಟೇ ದಾಖಲಿಸಬೇಕೆಂದು ಬರೆದಿದ್ದರು. ಆಮೇಲೆ ಅದರ ಬಗ್ಗೆ ಯೋಚಿಸಿರಲಿಲ್ಲ.

“ನಿಮ್ಮ ಅಳಿಯೋ ಯಂತ್ರ ಹದಕ್ಕ ಬರಾಕ ಟೈಮ್ ಬೇಕು, ಅದಕ್ಕ ಏರತೈತಿ ಅಂತೀರಿ,” ಖಾಜಾಸಾಬ ಬಾನೆಟ್ಟಿನೊಳಗೆ ಬೆರಳು ತೋರಿಸಿದರು. ಸೆನ್ಸರ್ ಬಿಚ್ಚಿ, ಆ ತೂತಿಗೆ ಅವರು ಬೆಳಗ್ಗೆಯೇ ತಮ್ಮ ತಂದೆಯ ಕಾಲದ ಮುಳ್ಳಿನ ಗೇಜ್ ಕೂರಿಸಿದ್ದರು. “ನನ್ನ ಗೇಜಿಗೇನಾಗೇತಿ? ಅದೂ ಆರರಿಂದ ಹದಿನಾಲ್ಕಕ್ಕ ಹತ್ತೇತಲ್ಲ?”

ಪ್ರಮೀಳಾ ಎದ್ದು ಬಂದು ನೋಡಿದರು. ಮುಳ್ಳು ಹದಿನಾಲ್ಕರಲ್ಲಿ ಸಣ್ಣಗೆ ನಡುಗುತ್ತಿತ್ತು. ಅವರು ಅಯಸ್ಕಾಂತದ ನಳಿಕೆ ಜೋಡಿಸಿ ಕಣಗಳನ್ನು ಹೊರಗೆಳೆಯತೊಡಗಿದರು. ಮುಳ್ಳು ಹನ್ನೆರಡಕ್ಕೆ ಇಳಿಯಿತು. ಒಂಬತ್ತು. ಆರು. ಕಣಗಳನ್ನು ಮತ್ತೆ ಆಯಿಲಿಗೆ ಸುರಿದರು. ಅರ್ಧ ಗಂಟೆ ಕಾದರು. ಮುಳ್ಳು ತಿರುಗಿ ಹದಿನಾಲ್ಕಕ್ಕೆ ಬಂತು.

ಪ್ರಮೀಳಾ ಪೆಟ್ಟಿಗೆಯ ಮೇಲೆ ಕುಳಿತುಕೊಂಡರು. ಹರೆಯದಲ್ಲಿ ಅವರು ಆ ಕಣಗಳಿಗೆ ಕಲಿಸಿದ್ದು ಒಂದೇ ನಿಯಮ: ಒತ್ತಡ ಎಲ್ಲಿ ಕಡಿಮೆಯಿದೆಯೋ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಲೆಕ್ಕ ಕರಾರುವಾಕ್ಕಾಗಲಿ ಎಂದಷ್ಟೇ ಅದರ ಉದ್ದೇಶ. ಸವೆದ ಬೇರಿಂಗಿನ ಸಂದಿನಲ್ಲಿ ಆಯಿಲ್ ನಿಲ್ಲದೆ ಜಾರಿಹೋಗುತ್ತದೆ. ಲಕ್ಷಾಂತರ ಕಣಗಳು ಆ ಸಂದಿನಲ್ಲೇ ನೆರೆದು ನಿಂತರೆ ಜಾರುವ ದಾರಿ ಕಿರಿದಾಗುತ್ತದೆ. ಒತ್ತಡ ನಿಜವಾಗಿಯೇ ಏರುತ್ತದೆ. ಕಣಗಳನ್ನು ತೆಗೆದ ಮರುದಿನ ದೀಪವೂ ನಿಜವಾಗಿಯೇ ಹೊತ್ತುತ್ತದೆ.

“ಅಂದ್ರ ಅವು ರಿಪೇರಿ ಮಾಡಾಕತ್ತಾವೇನ್ರಿ?” ಯಮನೂರಪ್ಪ ಕೇಳಿದ.

“ಇಲ್ಲ. ಬರೇ ನಿಂತಾವ.”

“ನಿಂತ್ರ ಸಾಕಲ್ರಿ!”

ಖಾಜಾಸಾಬ ಕೈ ಒರೆಸಿಕೊಳ್ಳುತ್ತ, ಬಯ್ಯುವ ದನಿಯಿಲ್ಲದೆ, ಸುಮ್ಮನೆ ಕೇಳಿದರು: “ಕೈವಾಡ ಅಂತ ಬರದು ಎಷ್ಟು ಗಾಡಿ ಗುಜರಿಗೆ ಹಾಕಿದ್ರಿ ಅಕ್ಕಾರ, ಇಷ್ಟು ವರ್ಷದಾಗ?”

ಪ್ರಮೀಳಾ ಅವರಿಗೆ ಸಂಖ್ಯೆ ಗೊತ್ತಿತ್ತು. ಪ್ರತಿಯೊಂದಕ್ಕೂ ಸಹಿ ಅವರದೇ. ಆ ಮಾಲೀಕರೆಲ್ಲ ಹೆಚ್ಚುಕಮ್ಮಿ ಯಮನೂರಪ್ಪನ ಹಾಗೆಯೇ ಆಣೆ ಮಾಡಿದ್ದರು.

ಈಗ ಬರೆಯಬೇಕಾದ್ದೇನು? “ಉತ್ತೀರ್ಣ” ಎಂದು ಬರೆಯಲು ಕಣಗಳನ್ನು ತೆಗೆಯಲೇಬೇಕು; ನಾಳೆ ದೀಪ ಹೊತ್ತುತ್ತದೆ, ಗಾಡಿ ಹೋಗುತ್ತದೆ. “ಬೇರಿಂಗ್ ಸವೆದಿದೆ” ಎಂದು ನಿಜ ಬರೆದರೂ ಗಾಡಿ ಹೋಗುತ್ತದೆ, ಏಕೆಂದರೆ ಆ ಬೇರಿಂಗ್ ಈಗ ಯಾರೂ ಮಾಡುವುದಿಲ್ಲ. ಯಮನೂರಪ್ಪ ಪ್ರಮೀಳಾರ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತಿದ್ದ. ಪ್ರಮೀಳಾ ನಿಯಮಾವಳಿಯನ್ನು ತೆರೆಯ ಮೇಲೆ ತಂದು ನಿಧಾನವಾಗಿ ಓದಿದರು. ತಪಾಸಣೆಯ ನಡುವೆ ಗಾಡಿಯನ್ನು ರಸ್ತೆಯ ಮೇಲೆ ಓಡಿಸಿ ನೋಡಲು ಅವಕಾಶವಿತ್ತು. ಎಷ್ಟು ದಿನವೆಂದು ಯಾರೂ ಬರೆದಿರಲಿಲ್ಲ.

ನಳಿಕೆಯನ್ನು ಸುತ್ತಿ ಚೀಲದಲ್ಲಿಟ್ಟು, ಚೀಟಿಯ ಮೇಲೆ ಅವರು ಬರೆದರು: ತಪಾಸಣೆ ನಡೆಯುತ್ತಿದೆ.

“ಯಾವಾಗ ಮುಗೀತೈತ್ರಿ?”

“ಗೊತ್ತಿಲ್ಲ. ಕಣ ಸವದು ಹೋದ ದಿನ. ಗುಡ್ಡ ಏರುವಾಗ ಜೋರು ಮಾಡಬ್ಯಾಡ.”

“ಅಲ್ಲಿತನಕ ಅವು ನಿಮಗ ಸುದ್ದಿ ಕಳಸ್ತಾವೇನ್ರಿ?”

“ನಿಮಿಷಕ್ಕೊಂದು.”

“ಹಂಗಾದ್ರ ನಿಮಗ ಪುರುಸೊತ್ತಿಲ್ಲ ಬಿಡ್ರಿ,” ಎಂದು ಯಮನೂರಪ್ಪ ಮೊದಲ ಸಲ ನಕ್ಕ. ಗಡಿಯಾರ ನೋಡಿ, ಶಾಲೆ ಬಿಡುವ ಹೊತ್ತಾಯಿತೆಂದು ಗಾಡಿ ಹತ್ತಿದ.

ಆ ತಿಂಗಳೆಲ್ಲ ಪ್ರಮೀಳಾ ಇಲಾಖೆಗೆ ಪತ್ರಗಳನ್ನು ಬರೆದರು. ಕಣಗಳನ್ನು ಎಂಜಿನ್ನಿನಲ್ಲೇ ಬಿಡುವ ಪದ್ಧತಿ ಬರಬೇಕು, ಹಳೆಯ ತೀರ್ಪುಗಳು ತಪ್ಪಾಗಿದ್ದವು ಎಂದು. ವಿಷಯ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಯಮನೂರಪ್ಪನ ಗಾಡಿ ಮಾತ್ರ ನವಲಗುಂದದ ದಾರಿಯಿಂದ ತನ್ನ ಅಂಕಿ ಕಳಿಸುತ್ತಲೇ ಇತ್ತು. ಹದಿಮೂರು, ಹದಿನಾಲ್ಕು, ಹದಿಮೂರು.

ಒಂದು ಸೋಮವಾರ ಅವರು ಧಾರವಾಡದ ಪ್ರಯೋಗಾಲಯಕ್ಕೆ ಬಂದಾಗ ಗೇಟಿನಿಂದ ತಿರುವಿನವರೆಗೆ ಹಳೆಯ ಗಾಡಿಗಳು ಸಾಲಾಗಿ ನಿಂತಿದ್ದವು. ಬಣ್ಣ ಹೋದವು, ಬಾಗಿಲಿಗೆ ಹಗ್ಗ ಕಟ್ಟಿದವು. ಎಲ್ಲದರ ಡ್ಯಾಶ್‌ಬೋರ್ಡಿನಲ್ಲೂ ಒಂದೊಂದು ಕೆಂಪು ದೀಪ. ಎಲ್ಲರಿಗಿಂತ ಮುಂದಿದ್ದವನು ಟೊಪ್ಪಿಗೆ ತೆಗೆದು ಹತ್ತಿರ ಬಂದ.

“ಅಕ್ಕಾರ, ನಮ್ಮ ಗಾಡೀದೂ ತಪಾಸಣಿ ಚಾಲೂ ಮಾಡ್ರಿ,” ಎಂದ. “ಮುಗಸೂದು ಮಾತ್ರ ಬ್ಯಾಡ್ರಿ.”